ಅತ್ತಿಕೊಪ್ಪಲಿನ ಜೂನ್ ಹತ್ತು

ಪುಟ್ಟಮಾದಯ್ಯ ತಾನು ಹುಟ್ಟಿದ ದಿನ ಯಾವುದೆಂದು ತಿಳಿಯದೆ ಇಪ್ಪತ್ತೆರಡು ವರ್ಷ ಬದುಕಿದ್ದ. ಅದರಿಂದ ಅವನಿಗೆ ಒಂದು ಹೊತ್ತಿನ ಮುದ್ದೆಯೂ ತಪ್ಪಿರಲಿಲ್ಲ. ಅವ್ವ ಚಿಕ್ಕನಂಜಮ್ಮನನ್ನು ಕೇಳಿದರೆ, "ಮೇಗಲಮನೆ ಕೆಂದಸ ಈದಿತ್ತಲ್ಲ, ಅದರ ಮಾರ್ನೆ ವಾರ ಕಣಪ್ಪ" ಅನ್ನುತ್ತಿದ್ದಳು. ಇನ್ನೂ ಒತ್ತಿ ಕೇಳಿದರೆ ಒಲೆಯ ಕಡೆ ತಿರುಗಿ ಊದುಗೊಳವಿ ಹಿಡಿಯುತ್ತಿದ್ದಳು. ಆ ಹಸು ಸತ್ತು ಯಾವ ಕಾಲವಾಗಿತ್ತೋ. ಬದುಕಿದ್ದರೂ ಮಂಡ್ಯದ ಕಾರ್ಖಾನೆಯ ಕಚೇರಿಯವರು ಅದರ ಸಾಕ್ಷಿ ಒಪ್ಪುವವರಲ್ಲ.

ಆ ಕಚೇರಿಯಿಂದ ಬಂದ ಒಂದು ಚೀಟಿಯೇ ಎಲ್ಲಕ್ಕೂ ಮೂಲ. ಪುಟ್ಟಮಾದಯ್ಯ ಅಲ್ಲಿ ಕಬ್ಬಿನ ಗಾಡಿಗಳ ತೂಕ ಬರೆದುಕೊಳ್ಳುವ ಹಂಗಾಮಿ ಗುಮಾಸ್ತ. ಆ ಹಂಗಾಮಿನ ಕಬ್ಬು ಅರೆಯುವುದು ನಿಂತಿದ್ದರಿಂದ ಊರಿಗೆ ಬಂದಿದ್ದ. ಇರುವ ಒಂದೇ ಜಾಗ ಕಾಯಂ ಆಗುವುದಿತ್ತು, ಅದಕ್ಕೆ ಅವನೂ ಗೆಜ್ಜಲಗೆರೆಯ ಸಿದ್ದರಾಜುವೂ ಕಾದಿದ್ದರು. ಚೀಟಿಯಲ್ಲಿ ಬರೆದದ್ದು ಇಷ್ಟು: ಹುಟ್ಟಿದ ತಾರೀಕಿನ ನಕಲನ್ನು ಶೇಕದಾರರ ಸಹಿ ಮಾಡಿಸಿ ಜೂನ್ ಹನ್ನೊಂದರ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಂದು ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಜಾಗ ಸಿದ್ದರಾಜುವಿಗೆ. ಚೀಟಿ ಮಳವಳ್ಳಿಯಲ್ಲಿ ಯಾರದೋ ಜೇಬಿನಲ್ಲಿ ಎಂಟು ದಿನ ಬೆಚ್ಚಗಿದ್ದು, ಒಂಬತ್ತನೇ ತಾರೀಕು ಸಂಜೆ ಅತ್ತಿಕೊಪ್ಪಲು ಸೇರಿತು.

ಆದರೂ ಅವನ ಅದೃಷ್ಟ ಪೂರ್ತಿ ಕೆಟ್ಟಿರಲಿಲ್ಲ. ಮಾರನೆಯ ದಿನವೇ ಹೋಬಳಿಯ ಕಂದಾಯ ಅಧಿಕಾರಿ ಶೇಕದಾರರು ದಫ್ತರ ತಪಾಸಣೆಗೆ ಊರಿಗೆ ಬರುವವರಿದ್ದರು. ಪಟೇಲರ ಮನೆಯ ಜನನ-ಮರಣದ ರಿಜಿಸ್ಟರು ನೋಡಿ ನಕಲು ಬರೆದಿಟ್ಟುಕೊಳ್ಳುವುದು, ಶೇಕದಾರರು ಬಂದೊಡನೆ ಸಹಿ ಹಾಕಿಸುವುದು, ಮೂರು ಗಂಟೆಗೆ ದೊಡ್ಡ ರಸ್ತೆಗೆ ಓಡಿ ಇದ್ದಿಲು ಗ್ಯಾಸಿನ ಬಸ್ಸು ಹಿಡಿಯುವುದು. ಮದ್ದೂರಿಗೆ ಮುಟ್ಟಿದರೆ ಅಲ್ಲಿಂದ ರೈಲು. ಇಷ್ಟು ಸುಲಭವಾಗಿ ಕಾಣುವ ಕೆಲಸವನ್ನು ಯಾರೂ ನಂಬಬಾರದು, ಅವನು ನಂಬಿದ.

ಬೆಳಿಗ್ಗೆ ಹೋದಾಗ ಪಟೇಲ್ ದೊಡ್ಡಬೀರಯ್ಯನವರು ಇರಲಿಲ್ಲ. ಶೇಕದಾರರನ್ನು ಕರೆತರಲು ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಹೋಗಿದ್ದರು. ಜಗಲಿಯ ಮೇಲೆ ಜಮಖಾನ ಹಾಸಿ, ಮೇಲೆ ರಿಜಿಸ್ಟರು, ಮಸಿಕುಡಿಕೆ, ಲೇಖನಿ ಇಟ್ಟಿತ್ತು. ಪಕ್ಕದಲ್ಲಿ ತಳವಾರ ಕೆಂಪಸಿದ್ದಯ್ಯ ಕೋಲು ಹಿಡಿದು ಕೂತಿದ್ದ.

"ದಪ್ತರ ಮುಟ್ಬ್ಯಾಡ ಕಣ್ಲಾ ಪುಟ್ಮಾದ. ಸರ್ಕಾರದ್ದು."

"ಮುಟ್ಟಾಕಿಲ್ಲ ಕಣಣ್ಣ. ಓದ್ತೀನಿ ಅಷ್ಟೆ."

"ಮುಟ್ಟದಂಗೆ ಎಂಗ್ಲಾ ಓದೀಯೆ?"

"ಆಳೆ ನೀನು ತಿರುವು. ನಾನು ದೂರದಿಂದ ಓದ್ತೀನಿ."

ಈ ಏರ್ಪಾಡು ಕೆಂಪಸಿದ್ದಯ್ಯನಿಗೆ ನ್ಯಾಯವಾಗಿ ಕಂಡಿತು. ಅವನು ಎಂಜಲು ಹಚ್ಚಿ ಹಾಳೆ ತಿರುವಿದ, ಪುಟ್ಟಮಾದಯ್ಯ ಕತ್ತು ನೀಡಿ ಓದಿದ. ಮನಸ್ಸಿನಲ್ಲೇ ಓದಿಕೊಂಡಿದ್ದರೆ ಈ ಕತೆ ಇರುತ್ತಿರಲಿಲ್ಲ. ಆ ಊರಿನಲ್ಲಿ ಅಕ್ಷರ ಬಲ್ಲವರು ಪಟೇಲರು ಬಿಟ್ಟರೆ ಅವನೊಬ್ಬನೇ, ಹಾಗಾಗಿ ಓದುವುದೆಂದರೆ ನಾಲ್ಕು ಮನೆಗೆ ಕೇಳುವಂತೆ ಓದುವುದು ಅವನ ಚಾಳಿ.

"ಸಾವಿರದ ಒಂಬೈನೂರ ಇಪ್ಪತ್ತೊಂದು. ಜೂನ್ ಹತ್ತು. ಗಂಡು ಮಗು. ತಂದೆ, ಕರಿಮಾದಯ್ಯ. ಇದೇ ಕಣಣ್ಣ. ನಾನೇ ಇದು."

ಅವನಿಗೆ ಕಣ್ಣಲ್ಲಿ ನೀರು ಬಂತು. ತಾನು ಇಂಥ ದಿನ ಹುಟ್ಟಿದೆ ಎಂದು ಮಸಿಯಲ್ಲಿ ಬರೆದಿಟ್ಟಿದ್ದನ್ನು ನೋಡುವುದು ಸಣ್ಣ ವಿಷಯವಲ್ಲ. ಪೆನ್ಸಿಲು ಹಾಳೆ ತೆಗೆದು ನಕಲು ಮಾಡಿಕೊಳ್ಳತೊಡಗಿದ.

ಪಕ್ಕದ ಮನೆಯ ಬೆಳ್ಳಮ್ಮನ ಕಿವಿ ಗೋಡೆಯಾಚೆಯ ಪಿಸುಮಾತನ್ನೂ ಬಿಡುವಂಥದಲ್ಲ. ಅವಳು ಮೊರ ಹಿಡಿದುಕೊಂಡೇ ಬಂದಳು. "ನಮ್ ದೊಡ್ಡಮಗಳದ್ದೂ ವಸಿ ನೋಡ್ಲಾ. ಅವಳೂ ನಿನ್ ವಾರಿಗೆಯೋಳೇ."

ಪುಟ್ಟಮಾದಯ್ಯ ಅದೇ ಹಾಳೆಯಲ್ಲಿ ಬೆರಳಾಡಿಸಿದ. "ಇಲ್ಲೇ ಅದೆ ನೋಡಕ್ಕ. ಜೂನ್ ಹತ್ತು."

"ನಿಂಜೊತೇಲೇ ಉಟ್ಟೋಳಾ ಆಗಾದ್ರೆ," ಎಂದು ಬೆಳ್ಳಮ್ಮ ನಕ್ಕಳು.

"ನಮ್ ಎಣ್ಮಗಾದು?" ಎಂದ ಕೆಂಪಸಿದ್ದಯ್ಯ. ಅವನ ಮಗಳು ಎರಡು ವರ್ಷ ಚಿಕ್ಕವಳು. ಹಾಳೆ ತಿರುವಿದರು. ಜೂನ್ ಹತ್ತು.

ಅಷ್ಟರಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಎಲ್ಲರಿಗೂ ಹುಟ್ಟಿದ ದಿನದ ಆಸೆ. ಪುಟ್ಟಮಾದಯ್ಯ ಒಬ್ಬೊಬ್ಬರದಾಗಿ ಓದಿದ. ಜೂನ್ ಹತ್ತು, ಜೂನ್ ಹತ್ತು, ಜೂನ್ ಹತ್ತು. ಮೊದಮೊದಲು ಪ್ರತಿ ಸಲವೂ ನಗು ಬಂತು. ಐದಾರು ಆದಮೇಲೆ ನಗುವವರು ಕಡಿಮೆಯಾದರು. ಹತ್ತನೆಯದಕ್ಕೆ ಯಾರೂ ನಗಲಿಲ್ಲ. ವರ್ಷ ಬೇರೆ, ಮನೆ ಬೇರೆ, ಹಾಳೆ ಹಳದಿಯಾಗಿ ಅಂಚು ಉದುರುತ್ತಿತ್ತು, ಆ ದಿನ ಮಾತ್ರ ಅಲುಗಾಡಲಿಲ್ಲ.

"ಸತ್ತೋರದ್ದು ಓದು," ಎಂದಳು ಬೆಳ್ಳಮ್ಮ. ಅವಳ ದನಿ ಇಳಿದಿತ್ತು. "ನಮ್ಮತ್ತೇದು ನೋಡು."

ಮರಣದ ಹಾಳೆಗಳು ಹಿಂಬದಿಯಲ್ಲಿದ್ದವು. ಕೆಂಪಸಿದ್ದಯ್ಯ ಈಗ ಎಂಜಲು ಹಚ್ಚದೆ ತಿರುವಿದ. ಬೆಳ್ಳಮ್ಮನ ಅತ್ತೆ, ಜೂನ್ ಹತ್ತು. ಮೇಗಲಮನೆ ಗೌಡರು, ಜೂನ್ ಹತ್ತು. ಪಟೇಲರ ಅವ್ವ, ಜೂನ್ ಹತ್ತು. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಕರಿಮಾದಯ್ಯ, ಜೂನ್ ಹತ್ತು. ತನ್ನ ಅಪ್ಪನ ಹೆಸರನ್ನು ಪುಟ್ಟಮಾದಯ್ಯ ಎರಡು ಸಲ ಓದಿಕೊಂಡ. ತಾನು ಹುಟ್ಟಿ ಸರಿಯಾಗಿ ಒಂದು ವರ್ಷಕ್ಕೆ.

"ಎಲ್ಲಾ ಒಂದೇ ದಿನ ಉಟ್ಟವ್ರೆ, ಒಂದೇ ದಿನ ಸತ್ತವ್ರೆ," ಎಂದ ಕೆಂಪಸಿದ್ದಯ್ಯ ಮೆಲ್ಲಗೆ. "ಜೂನ್ ಹತ್ತು ಅಂದ್ರೆ ಯಾವಾಗ್ಲಾ?"

ಆ ಊರಿಗೆ ಹುಣ್ಣಿಮೆ ಅಮಾಸೆ ಗೊತ್ತು, ಆರಿದ್ರ ಮಳೆ ಗೊತ್ತು, ಜೂನು ಗೊತ್ತಿಲ್ಲ. ಪುಟ್ಟಮಾದಯ್ಯ ಜೇಬಿನಿಂದ ಚೀಟಿ ತೆಗೆದು ನೋಡಿದ. ನಾಳೆ ಹನ್ನೊಂದು.

"ಇವತ್ತು," ಎಂದ.

ಜಗಲಿಯ ಮುಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕೆಂಪಸಿದ್ದಯ್ಯ, ಮಾಡಬಾರದಿತ್ತು, ಕೊನೆಯ ಹಾಳೆ ತಿರುವಿಬಿಟ್ಟ. ಅದು ಈ ವರ್ಷದ್ದು, ನಲವತ್ತಮೂರರದ್ದು. ಮರಣದ ಸಾಲುಗಳಲ್ಲಿ ತಾರೀಕು ಮೊದಲೇ ಬರೆದಿತ್ತು. ಜೂನ್ ಹತ್ತು, ಒಂದರ ಕೆಳಗೊಂದು, ಏಳು ಸಾಲು. ಹೆಸರಿನ ಜಾಗ ಏಳೂ ಕಡೆ ಖಾಲಿ.

ಓದಬೇಡವೆಂದು ಯಾರಾದರೂ ಅವನ ಬಾಯಿ ಮುಚ್ಚಬಹುದಿತ್ತು. ಯಾರೂ ಮುಚ್ಚಲಿಲ್ಲ, ಅವನು ಓದಿದ.

ಪಟೇಲರ ಹಿತ್ತಲಲ್ಲಿ ಒಂದು ಕೋಳಿ ಕೆದಕುವುದು ಕೇಳಿಸುತ್ತಿತ್ತು.

ಪುಟ್ಟಮಾದಯ್ಯನ ತಲೆಯಲ್ಲಿ ಒಂದು ಅನುಮಾನ ಹೊಳೆಯಿತು. "ಬೆಳ್ಳಕ್ಕ, ನಿಮ್ಮತ್ತೆ ಸತ್ತಿದ್ದು ಅವರೆಕಾಯಿ ಕಾಲದಲ್ಲಲ್ವಾ? ಇದು ನೋಡುದ್ರೆ ಮುಂಗಾರು."

ಬೆಳ್ಳಮ್ಮ ಒಂದು ಗಳಿಗೆ ಯೋಚಿಸಿದಳು. "ಬಾಬಯ್ಯನ ಅಬ್ಬ ಒಂದ್ ವರ್ಸ ಬ್ಯಾಸಗೇಲಿ ಬತ್ತದೆ, ಒಂದ್ ವರ್ಸ ಚಳೀಲಿ ಬತ್ತದೆ. ಬರಾಕಿಲ್ವಾ? ಅಂಗೇ ಈ ಜೂನೂವೆ. ಬಿಳೀ ಜನದ ತಿಂಗಳು ಕಣ್ಲಾ, ಅದು ತಿರುಗ್ತಿರ್ತದೆ. ಆವತ್ತು ಅವರೆಕಾಯಲ್ಲಿ ಬಂದಿತ್ತು, ಈಗ ಮುಂಗಾರಲ್ಲಿ ಬಂದದೆ."

ಮೊಹರಂ ಹಾಗೆ ಬರುವುದನ್ನು ಕಂಡಿದ್ದ ಎಲ್ಲರೂ ತಲೆಯಾಡಿಸಿದರು. ಪುಟ್ಟಮಾದಯ್ಯ, ಜೂನು ತಿರುಗುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ತೆರೆದವನಿಗೆ ಕೈಯಲ್ಲಿದ್ದ ನಕಲು ನೆನಪಾಯಿತು. ಬೆಳ್ಳಮ್ಮನ ಅತ್ತೆಯ ತಾರೀಕು ಸುಳ್ಳಾದರೆ ದಫ್ತರ ಸುಳ್ಳು. ದಫ್ತರ ಸುಳ್ಳಾದರೆ ನಕಲು ಸುಳ್ಳು, ಕಾಯಂ ಜಾಗ ಸಿದ್ದರಾಜುವಿಗೆ.

"ಇರ್ಬೈದು," ಎಂದ. "ಸರ್ಕಾರದ ದಪ್ತರ ಸುಳ್ಳು ಯೋಳಾಕಿಲ್ಲ."

ಇದನ್ನು ಅವನ ಬಾಯಿಂದ ಕೇಳಿದ ಮೇಲೆ ಊರಿಗೆ ಯಾವ ಸಂಶಯವೂ ಉಳಿಯಲಿಲ್ಲ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅತ್ತಿಕೊಪ್ಪಲು ಮೂಕವಾಗಿತ್ತು. ಬಾವಿಗೆ ಬಗ್ಗಿದರೆ ಬೀಳಬಹುದೆಂದು ಹೆಂಗಸರು ನೀರಿಗೆ ಹೋಗಲಿಲ್ಲ. ಹಾಯಬಹುದೆಂದು ಎತ್ತುಗಳನ್ನು ಬಿಚ್ಚಲಿಲ್ಲ. ಒಲೆ ಆರಿಸಿದ್ದರು, ಯಾವ ಮನೆಯ ಮೇಲೂ ಹೊಗೆ ಇರಲಿಲ್ಲ. ಉತ್ತು ಬಿಟ್ಟ ಹೊಲದಲ್ಲಿ ನೇಗಿಲು ನಿಂತಲ್ಲೇ ನಿಂತಿತ್ತು. ಜನ ಬಾಗಿಲಲ್ಲಿ ಕೂತು ಸುಮ್ಮನೆ ಬೀದಿ ನೋಡುತ್ತಿದ್ದರು, ಯಾರೋ ಬರುವುದಿದೆಯೆಂಬಂತೆ. ಬಿಸಿಲಲ್ಲಿ ಒಂದು ನಾಯಿ ನಡುಬೀದಿಯಲ್ಲಿ ನಿಂತು, ಯಾರೂ ಇಲ್ಲದ ಕಡೆ ತಿರುಗಿ, ಬಾಲ ಅಲ್ಲಾಡಿಸುತ್ತಿತ್ತು. ನನ್ನನ್ನು ಕೇಳಿದರೆ, ಬೊಗಳುವ ನಾಯಿಗಿಂತ ಅದು ಹೆಚ್ಚು ಹೆದರಿಕೆಯ ನೋಟ.

ಪುಟ್ಟಮಾದಯ್ಯ ಶೇಕದಾರರನ್ನು ಎದುರುಗೊಳ್ಳಲು ಎದ್ದ. ಕೆಂಪಸಿದ್ದಯ್ಯ ಕೋಲು ಅಡ್ಡ ಹಿಡಿದ.

"ಎಲ್ಲೋಯ್ತೀಯೆ? ಓದಬಲ್ಲೋನು ನೀನೊಬ್ನೆ. ಎಸ್ರು ಏನಾರ ಮೂಡುದ್ರೆ ಓದೋರ್ಯಾರು?"

ಹೆಸರು ತಾನಾಗಿ ಮೂಡುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೆ ಆ ನಿಶ್ಶಬ್ದದಲ್ಲಿ ಅವನಿಗೂ ಅಷ್ಟು ಖಾತ್ರಿ ಇರಲಿಲ್ಲ. ಕೂತು ಖಾಲಿ ಸಾಲುಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ನಕಲಿನ ಕಾಗದವನ್ನು ರಿಜಿಸ್ಟರಿನ ಮೇಲಿಟ್ಟು, ಅಪ್ಪನ ಹೆಸರಿನ ಅಕ್ಷರ ಅಂದವಾಗಿಲ್ಲವೆಂದು ತಿದ್ದತೊಡಗಿದ. ಬೀದಿಯಿಂದ ನೋಡಿದವರಿಗೆ ಅವನು ದಫ್ತರದಲ್ಲಿ ಬರೆಯುತ್ತಿರುವಂತೆಯೇ ಕಾಣಿಸಿತು.

ಕೆಂಪಸಿದ್ದಯ್ಯ ನೀರು ಕುಡಿಯಲು ಒಳಗೆ ಹೋದಾಗ ಬೆಳ್ಳಮ್ಮ ಬಂದಳು. ಸೆರಗಿನಲ್ಲಿ ಒಂದು ಅಚ್ಚು ಬೆಲ್ಲವಿತ್ತು.

"ನೋಡ್ಲಾ ಪುಟ್ಮಾದ, ನಾನು ನಿನ್ನ ಎತ್ತಾಡ್ಸಿದೋಳು. ಬರ್ಯಾದು ಬರೀತೀಯ, ನನ್ ಓರಗಿತ್ತಿ ಮಂಗಳಮ್ಮುನ್ನ ವಸಿ ಜ್ಞಾಪಕ ಮಡೀಕೊ."

"ನಾನು ಬರೀತಿಲ್ಲ ಕಣಕ್ಕ."

"ಬರಿ ಅಂತ ನಾನೂ ಯೋಳ್ನಿಲ್ಲ. ಜ್ಞಾಪಕ ಮಡೀಕೊ ಅಂದೆ," ಎಂದು ಬೆಲ್ಲ ಇಟ್ಟು ಹೋದಳು.

ಅವಳು ಮರೆಯಾದ ಕೂಡಲೆ ಮಂಗಳಮ್ಮ ಕುಂಬಳಕಾಯಿ ಹೊತ್ತು ಬಂದಳು. ಅವಳು ಜ್ಞಾಪಕ ಇಟ್ಟುಕೊಳ್ಳಲು ಹೇಳಿದ್ದು ಬೆಳ್ಳಮ್ಮನನ್ನು. ಆಮೇಲೆ ಒಬ್ಬೊಬ್ಬರೇ ಬಂದರು. ಗದ್ದೆಯ ಬದುವಿನ ಜಗಳದವನು ಬದುವಿನಾಚೆಯವನ ಹೆಸರು ಹೇಳಿದ, ಆಚೆಯವನು ಈಚೆಯವನದು ಹೇಳಿದ. ಎಂಬತ್ತರ ಚಿಕ್ಕಬೋರಯ್ಯ ಮಾತ್ರ ಬೇರೆ ಮಾತಾಡಿದ. "ನನ್ದು ಬರ್ಕೊಳ್ಲಾ. ಸಾಕಾಗದೆ. ಏಳ್ರಲ್ಲಿ ಒಂದು ಕಮ್ಮಿಯಾಯ್ತದೆ," ಎಂದು ದೊಡ್ಡ ಮನಸ್ಸಿನಿಂದ ಕೈಮುಗಿದು ಹೋದ. ಅರ್ಧ ಗಂಟೆಗೆ ಹಿಂದಿರುಗಿ ಬಂದು, "ಬರ್ದುಬುಟ್ಯಾ? ಒಡದಾಕ್ಬುಡು. ಸೊಸೆ ಮೀನ್ ಸಾರು ಮಾಡ್ತಾಳಂತೆ, ಒಲೆ ಅಚ್ಚುಕೊಂಡ ಮ್ಯಾಲೆ," ಎಂದ.

"ನಾನು ಏನೂ ಬರೀನಿಲ್ಲ ತಾತ."

"ಕೆಳಕ್ಕೆ ನೋಡ್ಕೊಂಡು ಬರೀತಿದ್ದಲ್ಲ, ನಾನೇ ಕಣ್ಣಾರ ಕಂಡೆ."

ಪುಟ್ಟಮಾದಯ್ಯ ರಿಜಿಸ್ಟರು ಎತ್ತಿ ತೋರಿಸಿದ. ಹೆಸರಿನ ಜಾಗ ಖಾಲಿ ಇದೆ, ನೋಡಿ ಎಂದ. ಚಿಕ್ಕಬೋರಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಅವನಿಗೆ ಎಲ್ಲ ಹಾಳೆಯೂ ಒಂದೇ ಥರ ಕಂಡಿತು. ಓದಲು ಬಾರದ ಊರಿಗೆ ಖಾಲಿ ಹಾಳೆ ತೋರಿಸಿ ತನ್ನ ಸಾಚಾತನ ಸಾಬೀತು ಮಾಡುವುದು ಆಗದ ಮಾತೆಂದು ಆಗ ಪುಟ್ಟಮಾದಯ್ಯನಿಗೆ ತಿಳಿಯಿತು.

ಎರಡು ಗಂಟೆಯ ಸುಮಾರಿಗೆ ಗಾಡಿಯ ಸದ್ದಾಯಿತು. ಶೇಕದಾರರೆಂದು ಎದ್ದು ನಿಂತರೆ ಬಂದದ್ದು ಬೆಳಕವಾಡಿಯ ಸೋದರಮಾವ ಬೋರಯ್ಯ. ಗಾಡಿಯಲ್ಲಿ ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ಅಳುತ್ತಿದ್ದಳು. ಮಡಿಲಲ್ಲಿ ಹೆಣಕ್ಕೆ ಹೊದಿಸುವ ಹೊಸ ಬಟ್ಟೆಯ ಗಂಟಿತ್ತು. ಅತ್ತಿಕೊಪ್ಪಲಿನಲ್ಲಿ ಪುಟ್ಟಮಾದ ಸಾಯುವವರ ಹೆಸರು ಓದುತ್ತಿದ್ದಾನೆ ಎಂದು ಹೊರಟ ಸುದ್ದಿ, ಬೆಳಕವಾಡಿ ಮುಟ್ಟುವಾಗ ಪುಟ್ಟಮಾದನ ಹೆಸರು ಸಾಯುವವರಲ್ಲಿ ಬಂದಿದೆ ಎಂದಾಗಿತ್ತು.

ಬೋರಯ್ಯ ಸೋದರಳಿಯನನ್ನು ಮೇಲಿಂದ ಕೆಳಗೆ ನೋಡಿದ. "ಇನ್ನೂ ಇದ್ದೀಯಲ್ಲಪ್ಪ," ಎಂದ. ಅದರಲ್ಲಿ ಸಂತೋಷವೂ ಇತ್ತು, ಇಷ್ಟು ದೂರ ಗಾಡಿ ಹೊಡೆದ ಆಯಾಸವೂ ಇತ್ತು.

"ನಂಗೇನೂ ಆಗಿಲ್ಲ ಮಾವ. ಓಗು ಅತ್ಲಾಗೆ."

"ಅಂಗನ್ಬ್ಯಾಡ. ಉಂಡ್ಯಾ? ಏನಾರ ತಿನ್ಬೇಕು ಅನ್ನುಸ್ತದಾ?"

ಹೊಸ ಬಟ್ಟೆ ಕಂಡದ್ದೇ ಬಾಗಿಲಲ್ಲಿ ಕೂತವರೆಲ್ಲ ಎದ್ದು ಬಂದರು. ಬೆಳ್ಳಮ್ಮ, ತನ್ನ ಹೆಸರು ದಫ್ತರಕ್ಕೆ ಹೋಗಿಬಿಟ್ಟಿದೆ, ಮಂಗಳಮ್ಮನ ಕುಂಬಳಕಾಯಿ ತನ್ನ ಬೆಲ್ಲಕ್ಕಿಂತ ದೊಡ್ಡದು ಎಂದು ರಾಗ ತೆಗೆದಳು. ಬೆಲ್ಲ ಕುಂಬಳಕಾಯಿಯ ಗುಟ್ಟು ಹೊರಬಿದ್ದ ಮೇಲೆ ಯಾರಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಯಾರೂ ಕೂಗಾಡಲಿಲ್ಲ, ಅದೇ ಭಯ. ಮೆಲ್ಲಗೆ ಮಾತಾಡುತ್ತ ಜಗಲಿಯ ಮೂರು ಕಡೆಯಿಂದ ಹತ್ತಿರ ಬಂದರು.

ಚಿಕ್ಕಬೋರಯ್ಯ ಕೋಲೂರಿ ಮುಂದೆ ನಿಂತ. "ನಮಗೆ ಓದಾಕ್ ಬರಾಕಿಲ್ಲ. ನಿನ್ ಮಾತು ನಂಬ್ಬೇಕು. ಎಂಗೆ ನಂಬಾದು? ಒಂದ್ ಕೆಲ್ಸ ಮಾಡು. ನಮ್ಮೆದುರ್ಗೆ ನಿನ್ ಎಸ್ರು ಮೊದ್ಲು ಬರಿ. ಆಗ ನೀನು ಮೋಸ ಮಾಡ್ನಿಲ್ಲ ಅಂತ ಒಪ್ಕೋತೀವಿ."

"ಔದು," ಎಂದರು ನಾಲ್ಕಾರು ಜನ.

ಬೆಳ್ಳಮ್ಮ ಲೇಖನಿ ಎತ್ತಿ ಮಸಿಯಲ್ಲಿ ಅದ್ದಿ ಅವನ ಕೈಗೆ ಕೊಟ್ಟಳು, ಮಗುವಿಗೆ ಅನ್ನದ ತುತ್ತು ಕೊಡುವಷ್ಟು ಅಕ್ಕರೆಯಿಂದ. ಸುತ್ತ ನಿಂತಿದ್ದವರು ಅವನು ಹುಟ್ಟಿದಂದಿನಿಂದ ನೋಡಿದ ಜನ. ಎತ್ತಿ ಆಡಿಸಿದವರು, ಹೆಗಲ ಮೇಲೆ ಕೂರಿಸಿಕೊಂಡು ಮಳವಳ್ಳಿಗೆ ಕರೆದೊಯ್ದವರು. ಆ ಮುಖಗಳಲ್ಲಿ ಸಿಟ್ಟೇ ಇರಲಿಲ್ಲ. ನಿಬ್ಬಿನ ತುದಿಯಿಂದ ಒಂದು ಹನಿ ಮಸಿ ಜಮಖಾನದ ಮೇಲೆ ಬಿತ್ತು.

ಆಗ ಗಂಟೆಯ ಸದ್ದಿನೊಡನೆ ಪಟೇಲರ ಗಾಡಿ ಬೀದಿಗೆ ತಿರುಗಿತು.

ಶೇಕದಾರರು ಆ ವರ್ಷ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನವರು. ಟೋಪಿ ಸರಿಮಾಡಿಕೊಂಡು ಇಳಿದು, ಗುಂಪು ನೋಡಿ, "ಏನಿದು?" ಎಂದರು.

"ಇವತ್ತು ಏಳು ಜನ ಸಾಯ್ಬೇಕಂತೆ ಬುದ್ದಿ," ಎಂದ ಕೆಂಪಸಿದ್ದಯ್ಯ. "ಅದ್ಕೆ ಎಲ್ಲಾ ಬಂದವ್ರೆ."

ಪಟೇಲರ ಮುಖ ಬಿಳಿಚಿಕೊಂಡಿತು. ಪುಟ್ಟಮಾದಯ್ಯ ಜನರ ನಡುವೆ ತೂರಿ ಹೋಗಿ ನಕಲನ್ನು ಶೇಕದಾರರ ಮುಂದೆ ಹಿಡಿದ. ಕಾಯಂ ಜಾಗ, ಬಸ್ಸು, ನಾಳೆ ಹತ್ತು ಗಂಟೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಶೇಕದಾರರು ಒಳ್ಳೆಯವರು. ಜಗಲಿಯ ಮೇಲೆ ಕೂತು ಪೆನ್ನಿನ ಟೋಪಿ ತೆಗೆದರು.

"ಪಟೇಲರೆ, ಈ ತಾರೀಕು ಸರಿಯಾಗಿದೆಯೆ?"

"ಸರಿಯಾಗೈತೆ ಬುದ್ದಿ."

"ಅದು ಸರಿಯಾದ್ರೆ ನಮ್ಮ ಏಳು ಜನವೂ ಸರಿಯೇ," ಎಂದ ಚಿಕ್ಕಬೋರಯ್ಯ. "ಪಟೇಲ್ರೇ ಒಪ್ಕೊಂಡ್ರು. ಬರೀಲಾ ನಿನ್ ಎಸ್ರು." ಯಾರೋ ಪುಟ್ಟಮಾದಯ್ಯನ ರಟ್ಟೆ ಹಿಡಿದರು. ಹಿಡಿದವರು ಮೆತ್ತಗೇ ಹಿಡಿದರು, ಆದರೆ ಬಿಡಲಿಲ್ಲ.

ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಪುಟ್ಟಮಾದಯ್ಯನಿಗೆ ಜನ್ಮಕ್ಕೆಲ್ಲ ಸಾಕಾಗುವ ಕೆಲಸವಿತ್ತು. ಜನ್ಮ ಸಂಜೆಯವರೆಗೆ ಉಳಿಯುತ್ತದೆಯೋ ಇಲ್ಲವೋ, ಅದೇ ಅನುಮಾನ. ಅವನಿಗೆ ತಡೆಯಲಾಗಲಿಲ್ಲ.

"ಸುಳ್ಳು," ಎಂದುಬಿಟ್ಟ. "ಪಟೇಲ್ರವ್ವ ಸತ್ತಿದ್ದು ಸಂಕ್ರಾಂತಿಗೆ. ತಿಥಿಗೆ ಊರೆಲ್ಲಾ ಅವರೆಕಾಳು ಸಾರು ಉಂಡಿದ್ದೀವಿ. ಇಲ್ಲಿ ಜೂನ್ ಹತ್ತು ಅಂತ ಬರ್ದದೆ. ಜೂನು ತಿರುಗಾಕಿಲ್ಲ. ಸ್ವಾಮಿ, ನೀವೇ ಯೋಳಿ, ಜೂನು ತಿರುಗ್ತದಾ?"

"ಜೂನು ಎಲ್ಲಿಗೆ ತಿರುಗುತ್ತದಯ್ಯ?" ಎಂದರು ಶೇಕದಾರರು. ಪೆನ್ನು ಕೆಳಗಿಟ್ಟು ರಿಜಿಸ್ಟರು ಎಳೆದುಕೊಂಡರು. ಒಂದು ಹಾಳೆ ತಿರುವಿದರು, ನಾಲ್ಕು ತಿರುವಿದರು, ಆಮೇಲೆ ಪಟೇಲರ ಮುಖ ನೋಡಿದರು.

ದೊಡ್ಡಬೀರಯ್ಯನವರು ಮೂವತ್ತು ವರ್ಷದಿಂದ ಪಟೇಲರು. ಆ ಮೂವತ್ತು ವರ್ಷದಲ್ಲಿ ಅವರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ನಿಂತದ್ದನ್ನು ಊರು ನೋಡಿದ್ದು ಅದೇ ಮೊದಲು.

"ನಮ್ಮೂರ ತಪಾಸಣೆ ಯಾವಾಗಲೂ ಜೂನ್ ಹತ್ತಕ್ಕೆ ಬುದ್ದಿ. ಉಟ್ದಾಗ ಸತ್ತಾಗ ಅವತ್ತವತ್ತೇ ಬರೀಬೇಕು, ಅದು ಗೊತ್ತು. ಗದ್ದೆ ಕೆಲ್ಸ, ಮರ್ತೋಯ್ತಿತ್ತು. ತಪಾಸಣೆ ಅಂದಾಗ ಒಟ್ಟಿಗೆ ಕುಂತು ಬರೀತಿದ್ದೆ. ಬರ್ದಿದ್ ದಿನದ್ದೇ ತಾರೀಕು ಆಕ್ತಿದ್ದೆ. ಈ ಸಲ ಮುಂಚೇನೇ ತಾರೀಕು ಆಕಿ ಮಡಗಿದ್ದೆ, ಎಸ್ರು ಆಮ್ಯಾಲೆ ತುಂಬ್ಸಾನ ಅಂತ." ಬೆರಳು ಮಡಚಿ ಆ ವರ್ಷ ತೀರಿಕೊಂಡ ಏಳು ಜನರನ್ನು ಎಣಿಸಿ ಹೇಳಿದರು. ಏಳೂ ಜನ ಆಗಲೇ ಮಣ್ಣಾಗಿದ್ದವರು.

ಊರು ಉಸಿರು ಬಿಟ್ಟಿತು. ಮೊದಲು ನಕ್ಕವನು ಚಿಕ್ಕಬೋರಯ್ಯ. ಆಮೇಲೆ ಬೆಳ್ಳಮ್ಮನೂ ಮಂಗಳಮ್ಮನೂ ಒಬ್ಬರ ಹೆಗಲಿಗೊಬ್ಬರು ಆತುಕೊಂಡು ನಕ್ಕರು. ಮಾವ ಬೋರಯ್ಯ ಊರಿಗೆ ಮರಳಲು ಗಾಡಿಗೆ ಎತ್ತು ಹೂಡತೊಡಗಿದ. ಎಲ್ಲರೂ ಪುಟ್ಟಮಾದಯ್ಯನ ಬೆನ್ನು ತಟ್ಟಿ, ಓದಿದವನೆಂದರೆ ಇವನು ಎಂದರು.

ಶೇಕದಾರರು ಪೆನ್ನಿನ ಟೋಪಿ ಹಾಕಿದರು. "ಈ ದಫ್ತರದಲ್ಲಿ ಒಂದು ತಾರೀಕೂ ನಿಜವಲ್ಲ ಎಂದು ನೀನೇ ತೋರಿಸಿಕೊಟ್ಟೆ. ಇದರ ನಕಲಿಗೆ ನಾನು ಹೇಗಪ್ಪ ಸಹಿ ಹಾಕಲಿ?"

ಪುಟ್ಟಮಾದಯ್ಯ ಅವರ ಕಾಲು ಹಿಡಿದುಕೊಂಡ. ಆರು ವರ್ಷ ಮಳವಳ್ಳಿಗೆ ನಡೆದು ಓದಿದ್ದೇನೆ, ಅವ್ವನಿಗೆ ನಾನೊಬ್ಬನೇ ಎಂದು ಅತ್ತ. ಅದನ್ನು ನೋಡಿ ಪಟೇಲರ ಕರುಳು ಚುರುಕ್ಕೆಂದಿತು. ತನ್ನ ಸೋಮಾರಿತನಕ್ಕೆ ಈ ಹುಡುಗನ ಅನ್ನ ಹೋಗಬಾರದು ಎಂದುಕೊಂಡು ಮುಂದೆ ಬಂದರು.

"ಬುದ್ದಿ, ಎಲ್ಲಾ ಸುಳ್ಳು, ಒಪ್ಕೊಂಡೆ. ಇವನ ಮನೇದು ಮಾತ್ರ ಸುಳ್ಳಲ್ಲ. ದೇವ್ರಾಣೆ. ಅವತ್ತು ನಾನು ಇಲ್ಲೇ ಕುಂತು ಬರೀತಿದ್ದೆ. ಇವರಪ್ಪ ಕರಿಮಾದ ಓಡ್ಕೊಂಡು ಬಂದು, ಗಂಡುಮಗ ಆಯ್ತು ಬರ್ಕಳಿ ಅಂದ. ಮಸಿ ಆರೋಕ್ಮುಂಚೆ ಬರ್ಕೊಂಡೆ. ಮುಂದಿನ ವರ್ಸ ಇದೇ ದಿನ ಆಗಿನ ಶೇಕದಾರರಿಗೆ ಎಳನೀರು ಕೀಳಾಕೆ ಅಂತ ನಮ್ಮ ಇತ್ತಲ ಮರ ಅತ್ತಿದ, ಮ್ಯಾಲಿಂದ ಬಿದ್ದು ಸತ್ತೋದ. ಇವರ ತಾತ ಅದಕ್ಕೂ ಮುಂಚೆ, ಇನ್ನೊಬ್ರು ಶೇಕದಾರರ ಕುದ್ರೆ ಇಡ್ಕೊಳಾಕೋಗಿ ಒದುಸ್ಕೊಂಡು ಸತ್ತೋದ. ಅದೂ ಜೂನ್ ಹತ್ತೇ. ಬೇಕಾದ್ರೆ ಅವರವ್ವನ್ನೇ ಕೇಳಿ."

ಚಿಕ್ಕನಂಜಮ್ಮ ಗುಂಪಿನ ಹಿಂದೆ ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು.

"ದಿಟ ಕಣ್ ಸ್ವಾಮಿ," ಎಂದಳು ಅವಳು, ನೆಲ ನೋಡುತ್ತ. "ಮಗೀಗೆ ಯೋಳ್ನಿಲ್ಲ. ಅಸ ಈದಿದ್ದು ಅಂತ ಯೋಳ್ಕೊಂಡು ಬಂದೆ."

ನಗು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಪುಟ್ಟಮಾದಯ್ಯನ ಬೆನ್ನ ಮೇಲಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಅವನ ಸುತ್ತ ಒಂದು ಮಾರು ಜಾಗ ಖಾಲಿಯಾಯಿತು.

ಶೇಕದಾರರು ನಕಲನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಆಗದೆಂದು ತಲೆಯಾಡಿಸಿದರು. "ಒಂದು ರಿಜಿಸ್ಟರು ಒಂದು ಮನೆಗೆ ಮಾತ್ರ ನಿಜ ಎಂದು ನಾನು ಬರೆಯುವಂತಿಲ್ಲ. ಬರೆದರೆ ನನ್ನ ಕೆಲಸವೂ ಹೋಗುತ್ತದೆ." ನಕಲಿನ ಮೇಲೆ ಕೆಂಪು ಮಸಿಯಲ್ಲಿ 'ನಂಬಲರ್ಹವಲ್ಲ' ಎಂದು ಬರೆದು ಅವನ ಕೈಗೆ ಕೊಟ್ಟು ಗಾಡಿ ಹತ್ತಿದರು. ಯಾಕೋ ಎಳನೀರನ್ನೂ ಕೇಳಲಿಲ್ಲ. ಅವರ ಗಾಡಿ ಬೀದಿ ದಾಟುವ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಬಸ್ಸು ಕೆಮ್ಮುತ್ತ ಬಂದು, ಸ್ವಲ್ಪ ನಿಂತು, ಮದ್ದೂರಿನ ಕಡೆ ಹೋದದ್ದು ಕೇಳಿಸಿತು.

ಸರ್ಕಾರ ನಂಬದ ಆ ತಾರೀಕನ್ನು ಅತ್ತಿಕೊಪ್ಪಲು ಪೂರ್ತಿ ನಂಬಿತು. ಯಾರೂ ಮನೆಗೆ ಹೋಗಲಿಲ್ಲ. ಬೆಳ್ಳಮ್ಮ ಒಂದು ಚಾಪೆ ತಂದು ಹಾಸಿ, ಕೂತ್ಕೊಪ್ಪ, ನಿಂತಿರಬೇಡ ಎಂದಳು. ಮಂಗಳಮ್ಮ ನೆತ್ತಿಯ ಮೇಲೆ ಏನಾದರೂ ಬೀಳುವಂತಿದೆಯೇ ಎಂದು ಜಗಲಿಯ ಮಾಡು ನೋಡಿದಳು. ಪುಟ್ಟಮಾದಯ್ಯ ಕೆಂಪು ಮಸಿಯ ಕಾಗದ ಹಿಡಿದು ಕೂತ. ಬದುಕಲಿಕ್ಕೆ ಸಾಲದ ದಿನ ಸಾಯಲಿಕ್ಕೆ ಹೇಗೆ ಸಾಕಾಯಿತೆಂದು ಅವನಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ಯಾರೂ ಅವನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಮಾವ ಬೋರಯ್ಯ ಹೂಡಿದ್ದ ಗಾಡಿಯ ನೊಗ ಇಳಿಸಿದ. ಎತ್ತುಗಳನ್ನು ಬಿಚ್ಚಿ ಮರಕ್ಕೆ ಕಟ್ಟಿ, ಮುಂದೆ ಒಂದು ಹಿಡಿ ಹುಲ್ಲು ಹಾಕಿದ. ಆಮೇಲೆ ನಿಧಾನವಾಗಿ ಬಂದು ಸೋದರಳಿಯನ ಪಕ್ಕದಲ್ಲಿ ಕೂತು, ಹೊತ್ತು ಎಲ್ಲಿದೆಯೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಮುಳುಗಾಕೆ ಇನ್ನೂ ವಸಿ ಒತ್ತು ಅದೆ," ಎಂದ. "ಬಂದಿದ್ದು ಬಂದಿದ್ದೀವಿ ಕಣಪ್ಪ. ನೋಡ್ಕೊಂಡೇ ಓಯ್ತೀವಿ."